ಎಂಬತ್ತನಾಲ್ಕು ಮನೆಗಳ ಬಟ್ಟೆ

ಕಾಗವಾಡದ ಬಸದಿ ಓಣಿಯ ಸೋನಾಬಾಯಿ ಯಾವ ಆಟಕ್ಕೂ ಕೈ ಹಾಕುವವಳಲ್ಲ ಎಂಬುದು ಓಣಿಗೆಲ್ಲ ಗೊತ್ತಿದ್ದ ಸಂಗತಿ. ಪಂಚಮಿ ಹಬ್ಬದಲ್ಲಿ ಹೆಂಗಸರು ಕಟ್ಟೆಯ ಮೇಲೆ ಸುಣ್ಣದಿಂದ ಇಪ್ಪತ್ತೈದು ಮನೆ ಬರೆದು ಚೌಕಾಬಾರಕ್ಕೆ ಕೂತರೆ ಅವಳು ಹೊಸ್ತಿಲಲ್ಲೇ ನಿಂತು ನೋಡುವಳು. ಯಾರಾದರೂ ಚೇಷ್ಟೆಗೆ ಅವಳ ಅಂಗೈಯಲ್ಲಿ ಕವಡೆ ಇಟ್ಟರೆ ಕೆಂಡ ಮುಟ್ಟಿದವಳ ಹಾಗೆ ಕೊಡವಿ ಒಳಗೆ ಹೋಗಿಬಿಡುವಳು.

"ಜಿನ್ನಪ್ಪ ಮಾಸ್ತರಗ ಇಂಥಾಕಿ ಗಂಟ ಬಿದ್ದಾಳ ನೋಡ್ರಿ" ಎಂದು ಹೆಂಗಸರು ನಗುತ್ತಿದ್ದರು.

ನಗುವುದಕ್ಕೆ ಕಾರಣವಿತ್ತು. ಅವಳ ಗಂಡ ಜಿನ್ನಪ್ಪ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಆದರೆ ಅವನ ಜೀವವೆಲ್ಲ ಆಟದ ಮನೆಗಳ ಮೇಲೆ. ಎಲ್ಲಿಗೆ ಹೋದರೂ ಗುಡಿಯ ಕಟ್ಟೆ, ಬಸದಿಯ ಜಗಲಿ, ಚಾವಡಿಯ ಹಾಸುಗಲ್ಲು ನೋಡುತ್ತ ಅಡ್ಡಾಡುವನು. ಯಾರೋ ಎಂದೋ ಕೊರೆದಿಟ್ಟ ಗೆರೆ ಕಂಡರೆ ಕೂತು ಅಂಗೈಯಿಂದ ಮಣ್ಣು ಸರಿಸಿ ಕಾಗದಕ್ಕೆ ಇಳಿಸಿಕೊಳ್ಳುವನು. ಐಗಳಿಯ ಕಡೆಯ ಮಾಳೇಶ ಎಂಬ ಕುರುಬ ಒಮ್ಮೆ ಅವನಿಗೆ ಹುಲಿ-ಕುರಿ ಆಟದ ಮನೆ ಬರೆದು ತೋರಿಸಿದ್ದ. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಹಾರಿ ಕುರಿ ಹಿಡಿಯಬೇಕು, ಕುರಿಗಳು ಒತ್ತಾಗಿ ನಿಂತು ಹುಲಿಯನ್ನು ಕಟ್ಟಿಹಾಕಬೇಕು. ಜಿನ್ನಪ್ಪ ಅದನ್ನು ಹಲಗೆಯ ಮೇಲೆ ಬಣ್ಣದಲ್ಲಿ ಬರೆದ. ಬಡಿಗನ ಹತ್ತಿರ ಹದಿನಾಲ್ಕು ಗುಣಿಯ ಅಳಗುಳಿ ಮಣೆ ಮಾಡಿಸಿದ. ಕೌದಿ ಹೊಲಿಯುವ ಮುದುಕಿಯ ಹತ್ತಿರ ಪಗಡೆಯ ಹಾಸು ಹೊಲಿಸಿದ. ಎಲ್ಲವನ್ನೂ ಒಂದು ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದ.

"ಸಾಹೇಬ್ರು ನಮ್ಮ ಪಗಡಿ ನೋಡಿ ಲೂಡೋ ಮಾಡಿದ್ರು" ಎಂದು ಊಟಕ್ಕೆ ಕೂತಾಗ ಹೇಳುವನು. "ಕವಡಿ ತಗದ ಒಂದ ದಾಳಾ ಕೊಟ್ರು. ಬುದ್ಧಿ ಓಡಸೂ ಜಾಗಾ ಕಡಿಮಿ ಮಾಡಿ ನಶೀಬಿನ ಜಾಗಾ ಹೆಚ್ಚ ಮಾಡಿದ್ರು. ಈ ಗುಡಿ ಕಲ್ಲಿನ ಮ್ಯಾಲ ಗೆರಿ ಕೊರದವ್ರು ಯಾರಂತಿ? ದನಾ ಕಾಯೋರು, ಗುಡಿ ಕಟ್ಟಾಕ ಬಂದ ಕಲ್ಲಕುಟಗ್ರು, ಸಂತಿಗಿ ಬಂದು ಮಳಿಗಿ ಸಿಕ್ಕವ್ರು. ರಾಜರ ಹೆಸರ ಅಳಿಸಿ ಹೋಗ್ಯಾವ, ಇವು ಉಳದಾವ."

ಸೋನಾಬಾಯಿ ಕೇಳುವಳು, ರೊಟ್ಟಿ ಬಡಿಸುವಳು. ಅವನು "ಒಂದ ಆಟ ಕೂಡೂಣು ಬಾ" ಎಂದರೆ ಮಾತ್ರ ಹಿತ್ತಲಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಮದುವೆಯ ಮರುದಿನವೇ ಹಾಗಾಗಿತ್ತು. ಗಂಡು-ಹೆಣ್ಣಿಗೆ ಸರಿ-ಬೆಸ ಆಡಿಸಲು ಮುತ್ತೈದೆಯರು ಅವಳ ಮುಂದೆ ಕವಡೆ ಸುರುವಿದರೆ, ಮದುಮಗಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಿಳಚಿಕೊಂಡು ಕೂತಿದ್ದಳು. ನಾಚಿಕೆ ಎಂದುಕೊಂಡು ಜನ ಬಿಟ್ಟುಬಿಟ್ಟರು.

ಒಂದೇ ಒಂದು ಸಲ ಅವಳು ಗಂಡನ ಮೇಲೆ ಕಿರುಚಿದ್ದಳು. ಅವಳ ತವರಿನ ಸೀರೆಗಳ ಕೆಳಗೆ ಮಡಚಿಟ್ಟಿದ್ದ ಒಂದು ಹಳೆಯ ಬಟ್ಟೆ ಜಿನ್ನಪ್ಪನ ಕೈಗೆ ಸಿಕ್ಕಿತ್ತು. ಬಿಚ್ಚಿ ನೋಡಿದವನ ಮುಖ ಅರಳಿತು. "ಇದು ಹಾವು-ಏಣಿ ಆಟದ ಮುತ್ಯಾ ಐತಿ. ನಮ್ಮ ಜೈನರ ಆಟ. ಒಂದೊಂದ ಹಾವಿಗಿ ಒಂದೊಂದ ಪಾಪದ ಹೆಸರು, ಏಣಿಗಿ ಪುಣ್ಯದ ಹೆಸರು. ಬಿಳಿ ಮಂದಿ ಒಯ್ದು ಮೊದಲ ತಮ್ಮ ನೀತಿ ಬರದ್ರು, ಆಮ್ಯಾಲ ಅದನೂ ಅಳಿಸಿ ಬರೇ ನಂಬರ ಉಳಿಸಿದ್ರು. ಇಷ್ಟ ದಿನಾ ಯಾಕ ಮುಚ್ಚಿಟ್ಟಿದ್ದಿ?" ಎಂದು ಕೇಳುತ್ತ ಅವನು ಕವಡೆ ಹುಡುಕತೊಡಗಿದ. ಸೋನಾಬಾಯಿ ಕಿರುಚಿದ್ದು ಆಗ. ಏನು ಹೇಳಿ ಕಿರುಚಿದಳೋ ಅವಳಿಗೇ ನೆನಪಿಲ್ಲ. ಅವನು ಹೆಂಡತಿಯ ಮುಖ ನೋಡಿ ಬಟ್ಟೆ ಮಡಚಿ ತನ್ನ ಟ್ರಂಕಿನ ತಳಕ್ಕೆ ಹಾಕಿದ. ಮತ್ತೆಂದೂ ಆ ಮಾತು ಎತ್ತಲಿಲ್ಲ. ಆಟಕ್ಕೆ ಬಾ ಎಂದೂ ಕರೆಯಲಿಲ್ಲ. ಎಂಟು ವರ್ಷದ ಹಿಂದೆ ಅವನು ತೀರಿಕೊಂಡಾಗ ಸೋನಾಬಾಯಿಯ ಎದೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದೇ. ಕಾರಣ ಹೇಳದೆಯೇ ಅವನನ್ನು ಕಳಿಸಿಕೊಟ್ಟಳು.

ಆ ಕಾರಣ ನಿಪ್ಪಾಣಿಯದು.

ಅವಳ ತಂದೆ ಅಲ್ಲಿ ತಂಬಾಕು ಕೂಡಿಡುವ ವಖಾರಿಯಲ್ಲಿ ಗುಮಾಸ್ತ. ಓಣಿಯ ಗಾಳಿಗೇ ತಂಬಾಕಿನ ಘಾಟು. ಹೊಸದಾಗಿ ಬಂದ ನೆಂಟರು ಸೀನುತ್ತಲೇ ಕುಶಲ ಕೇಳುತ್ತಿದ್ದರು. ವಖಾರಿಯ ಮಾಲೀಕ ಗುಜರಾತಿನವ. ವ್ಯಾಪಾರ ಮುಗಿಸಿ ತನ್ನೂರಿಗೆ ಮರಳುವಾಗ ಅವನ ಹೆಂಡತಿ ಸೋನಾಬಾಯಿಯ ತಾಯಿ ಗೌರಾಬಾಯಿಗೆ ಆ ಬಟ್ಟೆಯನ್ನು ಕೊಟ್ಟು ಹೋದಳು. ಎರಡು ಮೊಳ ಉದ್ದದ ಬಿಳಿ ಬಟ್ಟೆ. ಅದರ ಮೇಲೆ ಬಣ್ಣದಲ್ಲಿ ಎಂಬತ್ತನಾಲ್ಕು ಮನೆ. ತಳದ ಸಾಲಿನಲ್ಲಿ ಏಳು ನರಕ, ನಡುವೆ ಮನುಷ್ಯಲೋಕ, ಅದರ ಮೇಲೆ ಸ್ವರ್ಗಗಳು, ತುತ್ತತುದಿಯಲ್ಲಿ ಬಿದಿಗೆಯ ಚಂದ್ರನಂಥ, ಮುಕ್ತರಾದ ಸಿದ್ಧರು ನೆಲೆಸುವ ಸಿದ್ಧಶಿಲೆ. ಮನೆ ಮನೆಯಲ್ಲೂ ನಾಗರಿ ಅಕ್ಷರ. ಉದ್ದಕ್ಕೂ ಮಲಗಿದ ಕರಿಯ, ಕೆಂಪು ಹಾವುಗಳು. ನಡುನಡುವೆ ಏಣಿಗಳು.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉಪವಾಸ ಹಿಡಿದ ಹೆಂಗಸರು ಮಧ್ಯಾಹ್ನದ ಹಸಿವು ಕಳೆಯಲು ಆ ಬಟ್ಟೆ ಹಾಸಿ ಕೂಡುತ್ತಿದ್ದರು. ಏಳು ಕವಡೆ. ಬಾಯಿ ಮೇಲಾಗಿ ಬಿದ್ದಷ್ಟು ಮನೆ ನಡೆಯಬೇಕು. ಪಣವಿಲ್ಲ, ಸೋತವರಿಲ್ಲ. ಮಕ್ಕಳನ್ನೂ ಕೂಡಿಸಿಕೊಳ್ಳುತ್ತಿದ್ದರು. ಗೌರಾಬಾಯಿ ಮಕ್ಕಳಿಗೆ ಒಂದೇ ಒಂದು ನಿಯಮ ಹೇಳುತ್ತಿದ್ದಳು: "ಒಬ್ಬರ ಕವಡಿ ಇನ್ನೊಬ್ಬರಿಗೆ ಒಗೀಲಾಕ ಬರೂದಿಲ್ಲ."

ಸೋನಾಬಾಯಿಗೆ ಆಗ ಒಂಬತ್ತು ವರ್ಷ. ತಮ್ಮ ಅಭಿನಂದನನಿಗೆ ಆರು. ಆ ವರ್ಷದ ಪರ್ವದಲ್ಲಿ ಅವನ ಕಾಯಿ, ಒಂದು ಕೆಂಪು ಗುಲಗಂಜಿ, ಎಲ್ಲರಿಗಿಂತ ಮುಂದೆ ಹೋಗಿತ್ತು. ಸಿದ್ಧಶಿಲೆಗೆ ಎರಡೇ ಮನೆ ಬಾಕಿ ಇರುವಾಗ ಅವನಿಗೆ ಜ್ವರ ಹತ್ತಿತು. ಆಟ ಅಲ್ಲಿಗೇ ನಿಂತಿತು. ಬಟ್ಟೆಯನ್ನು ಕಾಯಿಗಳ ಸಮೇತ ಒಂದು ಮೂಲೆಯಲ್ಲಿ ಹಾಗೆಯೇ ಬಿಟ್ಟಿದ್ದರು. ಹತ್ತು ದಿನವಾದರೂ ಜ್ವರ ಇಳಿಯಲಿಲ್ಲ. ಹುಡುಗ ಒಳಗಿನಿಂದ ಕೇಳುತ್ತಿದ್ದ: "ಅಕ್ಕಾ, ನನ್ನ ಕಾಯಿ ಅಲ್ಲೇ ಐತಿ? ಎರಡ ಮನಿ ಉಳದಾವಲ್ಲ?"

ಒಂದು ಮಧ್ಯಾಹ್ನ ತಾಯಿ ಬಾವಿಗೆ ಹೋಗಿದ್ದಳು. ಸೋನಾಬಾಯಿಗೆ ಒಂದು ವಿಚಾರ ಹೊಳೆಯಿತು. ಗುಲಗಂಜಿ ಮೇಲೆ ಹೋಗಿ ಮುಟ್ಟಿದರೆ ತಮ್ಮ ಎದ್ದು ಕೂಡುತ್ತಾನೆ. ಅವಳು ಅವನ ಹೆಸರು ಹೇಳಿ ಕವಡೆ ಉರುಳಿಸಿದಳು. ಎರಡು ಬೀಳಬೇಕಿತ್ತು. ಒಂದು ಬಿತ್ತು. ಆ ಮನೆಯಲ್ಲಿ ಕರಿಯ ಹಾವಿನ ಬಾಯಿ. ಅದರ ಬಾಲ ಬಟ್ಟೆಯ ಉದ್ದಕ್ಕೂ ಇಳಿದು ಏಳನೇ ನರಕದಲ್ಲಿ ಮುಗಿದಿತ್ತು.

"ಎಷ್ಟ ಬಿತ್ತು, ಅಕ್ಕಾ?" ಒಳಗಿನಿಂದ ತಮ್ಮ ಕೇಳಿದ. ಕವಡೆಯ ಸದ್ದು ಅವನಿಗೆ ಕೇಳಿಸಿತ್ತು.

"ಎರಡ" ಎಂದಳು ಅವಳು.

ಮೂರನೇ ದಿನ ಅಭಿನಂದನ ತೀರಿಕೊಂಡ. ನಾಲ್ಕನೇ ದಿನ ತಂದೆ ಅವಳನ್ನು ಅಥಣಿಯ ಸೋದರಮಾವನ ಮನೆಗೆ ಬಿಟ್ಟು ಬಂದ. ಒಂದು ವರ್ಷ ಅಲ್ಲಿಯೇ ಇದ್ದಳು. ಯಾಕೆ ಕಳಿಸಿದರು ಎಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು. ಅವ್ವ ಎಲ್ಲ ಅರಿತಿದ್ದಾಳೆ, ತನ್ನ ಮುಖ ನೋಡಲಾರದೆ ದೂರ ಹಾಕಿದ್ದಾಳೆ. ತಿರುಗಿ ಬಂದ ಮೇಲೆ ಮನೆಯಲ್ಲಿ ಆ ಬಟ್ಟೆ ಯಾರೂ ಹಾಸಲಿಲ್ಲ, ತಮ್ಮನ ಹೆಸರು ಯಾರೂ ಎತ್ತಲಿಲ್ಲ. ಮದುವೆಯಾಗಿ ಹೊರಡುವಾಗ ತಾಯಿ ಅದನ್ನು ಸೀರೆಗಳ ಕೆಳಗೆ ಇಟ್ಟು "ನಿನಗ ಇರ್ಲಿ" ಎಂದಳು. ಸುಡೋಣವೆಂದರೆ ತುದಿಯಲ್ಲಿ ಸಿದ್ಧರ ಚಿತ್ರ. ಯಾರಿಗಾದರೂ ಕೊಡೋಣವೆಂದರೆ ಅವರ ಮನೆಗೆ ಹಾವು ಕಳಿಸಿದಂತೆ. ಹಾಗಾಗಿ ಅದು ಅವಳ ಹತ್ತಿರವೇ ಉಳಿಯಿತು.

ಇದೆಲ್ಲ ಆಗಿ ಅರವತ್ತನಾಲ್ಕು ವರ್ಷಕ್ಕೆ ಎರಡನೇ ಅಲೆಯ ಕರೋನಾ ಬಂತು.

ಮೇ ತಿಂಗಳು. ಸೋನಾಬಾಯಿಯ ಮಗ ಶ್ರೇಣಿಕ ಕಾಗವಾಡದಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟಿದ್ದ. ಮೊದಲು ಕೆಮ್ಮು ಎಂದ, ನಾಲ್ಕನೇ ದಿನಕ್ಕೆ ಮೆಟ್ಟಿಲು ಹತ್ತಲಾರದೆ ನಡುವೆ ಕೂತ. ಗಡಿಯ ತಪಾಸಣೆ ನಾಕೆಯಲ್ಲಿ ಕಾಗದ ತೋರಿಸಿ, ಕೈ ಮುಗಿದು, ಅವನನ್ನು ಮಿರಜಿನ ಆಸ್ಪತ್ರೆಗೆ ಸೇರಿಸಿದ್ದಾಯಿತು. ಅವನ ಹೆಂಡತಿ ಕೋಮಲ ಅಲ್ಲಿಯೇ ತನ್ನ ಅಕ್ಕನ ಮನೆಯಲ್ಲಿ ಉಳಿದಳು. ಕಾಗವಾಡದ ಮನೆಯಲ್ಲಿ ಇಬ್ಬರೇ ಉಳಿದರು: ಸೋನಾಬಾಯಿ, ಮತ್ತು ಹನ್ನೊಂದು ವರ್ಷದ ಮೊಮ್ಮಗಳು ಸ್ನೇಹಲ.

ಬಾಗಿಲಿಗೆ ಆರೋಗ್ಯ ಇಲಾಖೆಯ ಚೀಟಿ ಅಂಟಿಸಿ ಹೋಗಿದ್ದರು. ಪಕ್ಕದ ಮನೆಯ ಸುಂದ್ರವ್ವ ಹಾಲು, ಕಾಯಿಪಲ್ಲೆ ತಂದು ಗೋಡೆಯ ಮೇಲೆ ಇಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು ಕೂಗುತ್ತಿದ್ದಳು. ಬಸದಿಗೆ ಬೀಗ. ಓಣಿಯಲ್ಲಿ ನಾಯಿಗಳೂ ಬೊಗಳುವುದು ಬಿಟ್ಟಿದ್ದವು. ಮಿರಜಿನ ರಸ್ತೆಯಲ್ಲಿ ಆಂಬುಲೆನ್ಸು ಹೋದರೆ ಅದರ ಕೂಗು ದೂರದಿಂದ ಹತ್ತಿರ ಬಂದು, ಮತ್ತೆ ದೂರ ಹೋಗುವವರೆಗೆ ಸೋನಾಬಾಯಿ ಉಸಿರು ಬಿಗಿಹಿಡಿದು ಕೂಡುತ್ತಿದ್ದಳು. ಜಪಮಣಿ ಎಣಿಸಿದರೆ ಲೆಕ್ಕ ತಪ್ಪುತ್ತಿತ್ತು. ದಿನಕ್ಕೊಂದು ಸಲ, ನಾಲ್ಕು ಗಂಟೆಗೆ, ಡಾಕ್ಟರು ನೋಡಿ ಹೋದ ಮೇಲೆ ಕೋಮಲ ಫೋನು ಮಾಡುತ್ತಿದ್ದಳು. ಉಳಿದ ಇಪ್ಪತ್ತಮೂರು ತಾಸು ಆ ಒಂದು ಫೋನಿಗಾಗಿ ಕಾಯುವುದು, ಅದು ಬಂದಾಗ ಎತ್ತಲು ಹೆದರುವುದು.

ಸ್ನೇಹಲಳಿಗೆ ಶಾಲೆ ಇಲ್ಲ, ಹೊರಗೆ ಹೋಗುವಂತಿಲ್ಲ. ಮೊಬೈಲಿನ ಲೂಡೋ ಎರಡು ದಿನಕ್ಕೆ ಬೇಜಾರಾಯಿತು. ಅಜ್ಜನ ಟ್ರಂಕು ತೆಗೆದಳು. ಹುಲಿ-ಕುರಿಯ ಹಲಗೆ, ಅಳಗುಳಿ ಮಣೆ, ಪಗಡೆಯ ಹಾಸು ಒಂದೊಂದಾಗಿ ಹೊರಗೆ ಬಂದವು.

"ಆಯಿ, ನನ್ನ ಜೋಡಿ ಆಡ ಬಾ."

"ನನಗ ಬರೂದಿಲ್ಲ ಬಾಳಾ. ನಿನ್ನಷ್ಟಕ್ಕ ನೀ ಆಡ."

ಆ ಒಂದು ಮಾತಿಗಾಗಿ ಸೋನಾಬಾಯಿ ಮುಂದೆ ಎಷ್ಟು ಸಲ ತನ್ನನ್ನು ಬೈದುಕೊಂಡಳೋ. ಅಂದು ಮಧ್ಯಾಹ್ನ ಹಿತ್ತಲಲ್ಲಿ ಸೊಪ್ಪು ಸೋಸುತ್ತಿದ್ದವಳ ಕಿವಿಗೆ ನಡುಮನೆಯಿಂದ ಒಂದು ಸದ್ದು ಬಿತ್ತು. ನೆಲದ ಮೇಲೆ ಕವಡೆ ಉರುಳಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಅಳಗುಳಿಗೆ ಕವಡೆ ಬೇಡ, ಹುಲಿ-ಕುರಿಗೂ ಬೇಡ. ಪಗಡೆ ಇರಬಹುದು ಎಂದುಕೊಂಡು ಎದ್ದಳು. ಬಾಗಿಲಿಗೆ ಬಂದಾಗ ನೆಲದ ಮೇಲೆ ಹಾಸಿದ್ದ ಬಿಳಿ ಬಟ್ಟೆ ಕಂಡಿತು.

ಸ್ನೇಹಲ ನಾಲ್ಕು ಕಾಯಿ ಇಟ್ಟುಕೊಂಡಿದ್ದಳು. ತನಗೆ ರಬ್ಬರಿನ ತುಂಡು, ಆಯಿಗೆ ಅಡಿಕೆ, ಮಮ್ಮಿಗೆ ಬಳೆಯ ಚೂರು, ಪಪ್ಪಾನಿಗೆ ಅವನ ಹಳೆಯ ಅಂಗಿಯ ಗುಂಡಿ. ಆಡಲು ಯಾರೂ ಇಲ್ಲದ್ದಕ್ಕೆ ನಾಲ್ವರ ಪಾಳಿಯನ್ನೂ ತಾನೇ ಒಗೆಯುತ್ತಿದ್ದಳು.

"ಈಗ ಪಪ್ಪಾಂದು" ಎಂದು ಅವಳು ಕೈ ಕುಲುಕಿದಳು.

ಬೇಡ ಎಂದು ಕೂಗಬೇಕೆಂದು ಸೋನಾಬಾಯಿ ಬಾಯಿ ತೆರೆದಳು. ಅಷ್ಟರಲ್ಲಿ ಕವಡೆಗಳು ಬಿದ್ದವು. ಹುಡುಗಿ ಮನೆ ಎಣಿಸಿ ಗುಂಡಿಯನ್ನು ಇಟ್ಟಳು, ಹಾವಿನ ಮೈಗುಂಟ ಬೆರಳು ಇಳಿಸುತ್ತ ಕೆಳಗೆ ಬಂದಳು. ಮರಾಠಿ ಓದಲು ಬರುತ್ತಿದ್ದುದರಿಂದ ಅಕ್ಷರ ಕೂಡಿಸಿ ಓದಿದಳು.

"ಆಯಿ, ಇಲ್ಲಿ ಏಳನೇ ನರಕ ಅಂತ ಬರದತಿ. ಪಪ್ಪಾ ಅಲ್ಲಿ ಬಂದಾನ."

ತಲೆ ಎತ್ತಿ ನೋಡಿದವಳು ಅಜ್ಜಿಯ ಮುಖ ಕಂಡು ಬಟ್ಟೆಯ ಮೇಲಿಂದ ಕೈ ತೆಗೆದಳು. ಸೋನಾಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕುಸಿಯುತ್ತಿದ್ದಳು. ಅದೇ ಹೊತ್ತಿಗೆ ಫೋನು ಬಂತು.

ಕೋಮಲ ಅಳು ನುಂಗಿಕೊಂಡು ಮಾತಾಡಿದಳು. "ಅತ್ಯಾರ, ಇವತ್ತ ಆಕ್ಸಿಜನ್ ಎಂಬತ್ನಾಕಕ್ಕ ಇಳದೈತ್ರಿ. ದೊಡ್ಡ ಮಶೀನ ಹಚ್ಚತೀವಿ ಅಂದಾರ. ನೀವು ಹೆದರಬ್ಯಾಡ್ರಿ. ಸ್ನೇಹಲಗ ಏನೂ ಹೇಳಬ್ಯಾಡ್ರಿ."

ಫೋನಿನ ಸ್ಪೀಕರು ಚಾಲೂ ಇತ್ತು. ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು. ಎಂಬತ್ತನಾಲ್ಕು ಎಂಬ ಮಾತು ಕಿವಿಯಲ್ಲಿ ಹೊಕ್ಕಿದ್ದೇ ಸೋನಾಬಾಯಿಗೆ ಮುಂದಿನದು ಏನೂ ಕೇಳಿಸಲಿಲ್ಲ. ಬಟ್ಟೆಯ ಮನೆಗಳು ಎಂಬತ್ತನಾಲ್ಕು. ಮೂರನೇ ದಿನ, ಎಂದು ಒಳಗಿನಿಂದ ಯಾರೋ ಹೇಳಿದ ಹಾಗಾಯಿತು. ಇವತ್ತು ಸೋಮವಾರ. ಗುರುವಾರ.

ಅಂದು ಸಂಜೆ ಹೊತ್ತು ಮುಳುಗುವ ಮೊದಲು ಅವಳು ತಾಟು ಹಾಕಿದಳು. ಸ್ನೇಹಲ ಬರಲಿಲ್ಲ. ಮಂಚದ ಕೆಳಗೆ, ಗೋಡೆಗೆ ಅಂಟಿಕೊಂಡು ಮುದುಡಿ ಕೂತಿದ್ದಳು. ಮರುದಿನವೂ ಒಂದು ಗುಟುಕು ಹಾಲು ಬಿಟ್ಟರೆ ಏನೂ ಮುಟ್ಟಲಿಲ್ಲ. ಸೋನಾಬಾಯಿಗೂ ಊಟ ಬೇಕಿರಲಿಲ್ಲ. ಬಟ್ಟೆ ನಡುಮನೆಯಲ್ಲಿ ಹಾಸಿದಂತೆಯೇ ಬಿದ್ದಿತ್ತು. ಇಬ್ಬರೂ ಗೋಡೆಗೆ ಆನಿಕೊಂಡು ಅದನ್ನು ಬಳಸಿ ಅಡ್ಡಾಡುತ್ತಿದ್ದರು. ಅದನ್ನು ತೆಗೆದಿಡುವ ಧೈರ್ಯ ಇಬ್ಬರಿಗೂ ಇಲ್ಲ. ನಾಲ್ಕು ಗಂಟೆಗೆ ಫೋನು ಬಂತು. ಎಂಬತ್ತಮೂರು.

ಆಗ ಸ್ನೇಹಲ ಮಂಚದ ಕೆಳಗಿನಿಂದ ಹೊರಗೆ ಬಂದಳು. ಕಣ್ಣು ಊದಿದ್ದವು, ತುಟಿ ಒಣಗಿದ್ದವು. ಅಜ್ಜಿಯ ಸೆರಗು ಹಿಡಿದು ಬಹಳ ಸಣ್ಣ ದನಿಯಲ್ಲಿ ಕೇಳಿದಳು: "ಆಯಿ, ನಾ ಒಗದ್ನಿ ಅಂತನ ಪಪ್ಪಾಗ ಹಿಂಗಾತೇನು?"

ಸೋನಾಬಾಯಿ ಮೊಮ್ಮಗಳನ್ನು ನೋಡಿದಳು. ಅವಳ ಕೈ ಹಿಡಿದರೆ ತಣ್ಣಗೆ ಕೊರೆಯುತ್ತಿತ್ತು. ಆ ತಂಪು ಅವಳಿಗೆ ಗೊತ್ತು. ಅಥಣಿಯ ಮಾವನ ಮನೆಯಲ್ಲಿ ಇಡೀ ಒಂದು ವರ್ಷ ಅವಳ ಕೈ ಹಾಗೆಯೇ ಇದ್ದವು. ಈ ಹುಡುಗಿಗೆ ಈಗ ಉತ್ತರ ಕೊಡದಿದ್ದರೆ ಅವಳೂ ಎಪ್ಪತ್ತಮೂರು ವರ್ಷದವರೆಗೆ ಹೀಗೆಯೇ ಹೋಗುತ್ತಾಳೆ. ಆದರೆ ಏನು ಉತ್ತರ ಕೊಡುವುದು? ಇಲ್ಲ ಎನ್ನಬೇಕು. ಇಲ್ಲ ಎಂದು ಅವಳಿಗೇ ನಂಬಿಕೆ ಇಲ್ಲ. ಗುರುವಾರ ಏನಾಗುತ್ತದೆಂದು ಅವಳು ಆಗಲೇ ಮನಸ್ಸಿನಲ್ಲಿ ಕಂಡು ಮುಗಿಸಿದ್ದಳು.

"ಅಲ್ಲ" ಎಂದಳು. ಹುಡುಗಿ ನಂಬಲಿಲ್ಲ, ಸೆರಗು ಬಿಡಲಿಲ್ಲ.

"ಮತ್ತ ನೀ ಯಾಕ ಹೆದರಿದಿ?"

ಇದಕ್ಕೆ ಸುಳ್ಳು ಹೇಳಿದರೆ ಸಾಗುವುದಿಲ್ಲ ಎಂದು ಸೋನಾಬಾಯಿಗೆ ತಿಳಿಯಿತು. ನೆಲದ ಮೇಲೆ ಕೂತು ಹುಡುಗಿಯನ್ನು ಎದುರಿಗೆ ಕೂಡಿಸಿಕೊಂಡಳು. ಗಂಡನಿಗೆ ಹೇಳದ್ದನ್ನು, ಮಗನಿಗೆ ಹೇಳದ್ದನ್ನು ಹನ್ನೊಂದು ವರ್ಷದ ಮೊಮ್ಮಗಳಿಗೆ ಹೇಳಿದಳು. ತಮ್ಮನಿದ್ದ, ಗುಲಗಂಜಿ ಇತ್ತು, ಒಂದು ಬಿತ್ತು, ಎರಡು ಎಂದು ಸುಳ್ಳು ಹೇಳಿದೆ. ಸ್ನೇಹಲ ಕಣ್ಣು ಮಿಟುಕಿಸದೆ ಕೇಳಿದಳು.

"ನಿಮ್ಮವ್ವ ಬೈದಳೇನು?"

"ಅಕೀಗಿ ನಾ ಹೇಳೇ ಇಲ್ಲ. ಅಕಿ ಒಂದ ಮಾತ ಹೇಳಿಟ್ಟಿದ್ದಳು. ಒಬ್ಬರ ಕವಡಿ ಇನ್ನೊಬ್ಬರಿಗೆ ಒಗೀಲಾಕ ಬರೂದಿಲ್ಲ ಅಂತ. ನಾ ಅದನ್ನ ಮುರದ್ನಿ."

ಸ್ನೇಹಲ ಹುಬ್ಬು ಗಂಟಿಕ್ಕಿದಳು. "ಬರೂದಿಲ್ಲ ಅಂದ್ರ ಏನ ಆಯಿ? ಒಗೀಬಾರದು ಅಂತನೋ, ಒಗದ್ರೂ ಆಗೂದಿಲ್ಲ ಅಂತನೋ?"

ಸೋನಾಬಾಯಿ ಅವ್ವನ ಮಾತನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಹೇಳಿಕೊಂಡಳು. ಎರಡೂ ಅರ್ಥಕ್ಕೆ ಅದೇ ಮಾತು. ಅಂದಿನ ಒಂಬತ್ತು ವರ್ಷದ ಹುಡುಗಿ ಒಂದನ್ನು ಹಿಡಿದುಕೊಂಡಿದ್ದಳು. ಎರಡನೆಯದು ಇದೆ ಎಂದು ಇಷ್ಟು ವರ್ಷ ಹೊಳೆಯಲೇ ಇಲ್ಲ. ಬಸದಿಯಲ್ಲಿ ಸ್ವಾಮಿಗಳು ಹೇಳುವುದು ಬೇರೆ ಏನು? ಅವರವರು ಕಟ್ಟಿಕೊಂಡ ಕರ್ಮ ಅವರವರದು. ತಾಯಿ ಮಗನದನ್ನು ಹೊರಲಾರಳು, ಅಕ್ಕ ತಮ್ಮನದನ್ನು ಉರುಳಿಸಲಾರಳು. ಇದನ್ನು ಅವಳು ವರ್ಷ ವರ್ಷ ಕೇಳಿದ್ದಳು, ತಲೆ ಆಡಿಸಿದ್ದಳು. ತನಗೆ ಮಾತ್ರ ಅದು ಲಾಗೂ ಆಗುವುದಿಲ್ಲ ಎಂಬಂತೆ ಬದುಕಿದ್ದಳು.

"ಆಗೂದಿಲ್ಲ ಅಂತ" ಎಂದಳು ನಿಧಾನವಾಗಿ. "ನೀ ಒಗದದ್ದು ನಿನ್ನ ಕವಡಿ. ಅದು ಪಪ್ಪಾಂದು ಆಗಾಕ ಸಾಧ್ಯನ ಇಲ್ಲ. ಅಂವಾ ಇಲ್ಲಿ ಆಟಕ್ಕ ಕೂತಿಲ್ಲ. ಆ ಗುಂಡಿ ತಗೀ."

ಹುಡುಗಿ ತೆವಳಿಕೊಂಡು ಹೋಗಿ ಗುಂಡಿಯನ್ನು ಎತ್ತಿ ಫ್ರಾಕಿನ ಜೇಬಿಗೆ ಹಾಕಿಕೊಂಡಳು. ಬಳೆಯ ಚೂರನ್ನೂ ತೆಗೆದಳು. ಅಡಿಕೆ, ರಬ್ಬರು ಉಳಿದವು.

"ನೀ ಇಲ್ಲೇ ಅದಿಯಲ್ಲ" ಎಂದಳು ಅಡಿಕೆ ತೋರಿಸಿ. "ನಿಂದ ನೀ ಒಗೀ."

ಸೋನಾಬಾಯಿ ಕವಡೆಗಳ ಕಡೆ ನೋಡಿದಳು. ಮಾತಿನಲ್ಲಿ ಹೇಳುವುದು ಬೇರೆ, ಕೈ ಚಾಚುವುದು ಬೇರೆ. ಆದರೆ ಈಗ ಹಿಂದೆ ಸರಿದರೆ ಹೇಳಿದ ಮಾತೆಲ್ಲ ಸುಳ್ಳೆಂದು ಹುಡುಗಿಗೆ ತಿಳಿದುಹೋಗುತ್ತದೆ. ಏಳು ಕವಡೆಗಳನ್ನು ಅಂಗೈಗೆ ತೆಗೆದುಕೊಂಡಳು. ಬೆವರಿಗೆ ಅವು ಅಂಟಿಕೊಂಡವು. ಕಣ್ಣು ಮುಚ್ಚಿ ಬಿಟ್ಟಳು. ಮೂರು ಬಿದ್ದವು. ಅಡಿಕೆ ಮುಟ್ಟಿದ ಮನೆಯಲ್ಲಿ ಹಾವೂ ಇರಲಿಲ್ಲ, ಏಣಿಯೂ ಇರಲಿಲ್ಲ. ಸ್ನೇಹಲ ತಾನು ಒಗೆದಳು, ಆಮೇಲೆ ಎದ್ದು ಹೋಗಿ ತಣ್ಣಗಾದ ರೊಟ್ಟಿ ತಂದು ಕಚ್ಚುತ್ತ ಆಡಿದಳು.

ಹುಡುಗಿಯ ಹೆದರಿಕೆ ಅಂದಿಗೆ ಇಳಿಯಿತು. ಸೋನಾಬಾಯಿಯದು ಇಳಿಯಲಿಲ್ಲ. ಬುಧವಾರ ಹೋಯಿತು. ಗುರುವಾರ ಬೆಳಗಿನಿಂದ ಅವಳು ನೀರು ಕೂಡ ಕುಡಿಯಲಿಲ್ಲ. ಮೂರೂವರೆಗೆ ಸ್ನೇಹಲ ಬಟ್ಟೆ ಹಾಸಿ ಕರೆದಳು. ಒಲ್ಲೆ ಎನ್ನದೆ ಕೂತಳು. ಅಡಿಕೆ ಒಂದು ಏಣಿ ಹತ್ತಿತು, ಎರಡು ಮನೆ ನಡೆದು ಒಂದು ಹಾವಿನ ಬಾಯಿಗೆ ಬಿತ್ತು, ಕೆಳಗಿನ ಸಾಲಿಗೆ ಹೋಗಿ ಕೂತಿತು. ನಾಲ್ಕು ಆಯಿತು. ಫೋನು ಬರಲಿಲ್ಲ. ನಾಲ್ಕೂಕಾಲು. ನಾಲ್ಕೂವರೆ. "ಆಯಿ, ನಿನ್ನ ಪಾಳಿ" ಎಂದು ಹುಡುಗಿ ಮೂರು ಸಲ ಹೇಳಬೇಕಾಯಿತು. ಐದಕ್ಕೆ ಹತ್ತು ನಿಮಿಷವಿದ್ದಾಗ ಫೋನು ಮಿಣುಗಿತು. ಸೋನಾಬಾಯಿಗೆ ಎತ್ತಲಾಗಲಿಲ್ಲ. ಸ್ನೇಹಲ ಎತ್ತಿದಳು.

"ಹಂಗ ಐತಿ ಅಂತ" ಎಂದಳು ಕೇಳಿ. "ಎಂಬತ್ತಾರು. ಮಶೀನ ತಗದಿಲ್ಲ."

ಗುರುವಾರ ದಾಟಿತು. ಆದರೆ ಶನಿವಾರ ಮತ್ತೆ ಇಳಿಯಿತು. ಮುಂದಿನ ಹನ್ನೊಂದು ದಿನ ಹೀಗೆಯೇ ಏರುತ್ತ, ಇಳಿಯುತ್ತ ಹೋಯಿತು. ಒಂದು ದಿನ ಡಾಕ್ಟರು ಕೋಮಲಳನ್ನು ಕರೆದು, ಮನೆಯವರಿಗೆ ಹೇಳುವುದಿದ್ದರೆ ಹೇಳಿಬಿಡಿ ಎಂದರು. ಆ ದಿನವೂ ಸ್ನೇಹಲ ಮೂರೂವರೆಗೆ ಬಟ್ಟೆ ಹಾಸಿದಳು. ಸೋನಾಬಾಯಿಯ ಕೈಯಿಂದ ಕವಡೆ ದಿಕ್ಕಾಪಾಲಾಗಿ ಹೋದರೆ ಹುಡುಗಿ ಎದ್ದು ಆರಿಸಿ ತಂದು ಮತ್ತೆ ಅಜ್ಜಿಯ ಕೈಗೆ ಕೊಡುತ್ತಿದ್ದಳು. ಒಗೆದು ಕೊಡಲೇ ಎಂದು ಒಮ್ಮೆಯೂ ಕೇಳಲಿಲ್ಲ.

ಇಪ್ಪತ್ತಮೂರನೇ ದಿನ ಶ್ರೇಣಿಕ ಮನೆಗೆ ಬಂದ. ಹದಿನಾಲ್ಕು ಕಿಲೋ ಕರಗಿದ್ದ. ಅಂಗಳದಿಂದ ಮಂಚದವರೆಗೆ ಎರಡು ಸಲ ಕೂತು ಬಂದ. ಸೋನಾಬಾಯಿ ಅವನ ಕಾಲಿಗೆ ನೀರು ಹಾಕಿ, ಒಳಗೆ ಹೋಗಿ ಅಡಿಗೆಮನೆಯ ಬಾಗಿಲು ಹಾಕಿಕೊಂಡಳು. ಸಂತೋಷಕ್ಕೆ ಅಳು ಬರಬೇಕಿತ್ತು. ಬಂದದ್ದು ಬೇರೆ ಅಳು. ಇವನು ಉಳಿದ ಎಂದ ಮೇಲೆ ಅದು ಕವಡೆಯ ಕೆಲಸವಲ್ಲ. ಕವಡೆಯ ಕೆಲಸವಲ್ಲ ಎಂದ ಮೇಲೆ ಅರವತ್ತನಾಲ್ಕು ವರ್ಷ ತಾನು ಮಾಡಿದ್ದೇನು? ಜಿನ್ನಪ್ಪ ಪಗಡೆಯ ಹಾಸು ಬಿಚ್ಚಿ ಎದುರಿಗೆ ಯಾರೂ ಇಲ್ಲದೆ ಎರಡೂ ಕಡೆಯ ಕಾಯಿ ತಾನೇ ನಡೆಸುತ್ತಿದ್ದ ಮಧ್ಯಾಹ್ನಗಳು ನೆನಪಾದವು. ಆದರೂ ಒಳಗಿನ ಹೆದರಿಕೆ ಪೂರ್ತಿ ಬಿಟ್ಟಿರಲಿಲ್ಲ. ಇವನದು ದೊಡ್ಡ ಆಸ್ಪತ್ರೆ, ಮಶೀನು. ತಮ್ಮನಿಗೆ ಅದೇನೂ ಇರಲಿಲ್ಲ, ನೀನೊಬ್ಬಳೇ ಇದ್ದೆ, ಎಂದು ಅದು ಹೇಳುತ್ತಿತ್ತು.

ಶ್ರೇಣಿಕ ಸುಧಾರಿಸಿಕೊಂಡ ಮೇಲೆ ಒಂದು ದಿನ ಅವಳು ಅವನಿಗೂ ಹೇಳಿದಳು. "ನನಗೊಬ್ಬ ತಮ್ಮ ಇದ್ದಾ" ಎಂದಾಗ ನಲವತ್ತೆಂಟು ವರ್ಷದ ಮಗ ಅದನ್ನು ಮೊದಲ ಸಲ ಕೇಳುತ್ತಿದ್ದ. ಮರು ವರ್ಷದ ಚಳಿಗಾಲದಲ್ಲಿ, "ನಿಪ್ಪಾಣಿಗೆ ಒಮ್ಮೆ ಕರಕೊಂಡ ಹೋಗ" ಎಂದು ಅವಳೇ ಕೇಳಿದಳು.

ಚಿಕ್ಕೋಡಿಯ ದಾರಿಯಲ್ಲಿ ಕಾರು ಹೊರಟಿತು. ನಿಪ್ಪಾಣಿಯಲ್ಲಿ ಏನು ಕಾಣಬೇಕೆಂದು ಹೊರಟಿದ್ದಾಳೋ ಅವಳಿಗೇ ಸ್ಪಷ್ಟವಿರಲಿಲ್ಲ. ಅಲ್ಲಿ ಇಳಿದು ಹಳೆಯ ಓಣಿಗೆ ಹೋದರು. ಮನೆ ಇದ್ದಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇತ್ತು. ವಖಾರಿ ಇದ್ದಲ್ಲಿ ಮದುವೆ ನಡೆಯುವ ಮಂಗಲ ಕಾರ್ಯಾಲಯ. ಎದುರಿನ ಒಂದು ಹೆಂಚಿನ ಮನೆ ಮಾತ್ರ ಹಾಗೆಯೇ ಉಳಿದಿತ್ತು. ಬಿಸಿಲಿಗೆ ಕಟ್ಟೆಯ ಮೇಲೆ ಕೂತಿದ್ದ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಸಾವಕ್ಕ. ಸೋನಾಬಾಯಿಗಿಂತ ಏಳೆಂಟು ವರ್ಷ ದೊಡ್ಡವಳು. ಅದೇ ಓಣಿಯಲ್ಲಿ ಹುಟ್ಟಿ, ಅದೇ ಓಣಿಯಲ್ಲಿ ಸೋದರಮಾವನನ್ನು ಮದುವೆಯಾಗಿ ಅಲ್ಲೇ ಮುದುಕಿಯಾದವಳು.

"ಗೌರಾಬಾಯಿ ಮಗಳ ಅಲ್ಲೇನ ನೀ?" ಎಂದಳು.

ಚಹಾ ಬಂತು. ಸುಖ-ದುಃಖದ ಮಾತಾಯಿತು. ಸೋನಾಬಾಯಿ ಚಹಾದ ಬಸಿ ಕೆಳಗಿಟ್ಟು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೇಳಿದಳು. "ಸಾವಕ್ಕಾ, ನನ್ನ ತಮ್ಮ ಅಭಿನಂದನ ನೆನಪ ಅದಾನೇನ?"

"ನೆನಪ ಇಲ್ಲದ ಏನು? ಆ ವರ್ಷ ಮರೀಲಾಕ ಬರ್ತತೇನು?" ಸಾವಕ್ಕ ಬೆರಳು ಮಡಚಿದಳು. "ನಿಮ್ಮ ಅಭಿನಂದನ ಒಬ್ಬನ ಅಲ್ಲವಾ. ಆ ಭಾದ್ರಪದದಾಗ ಈ ಓಣ್ಯಾಗಿಂದ ನಾಕ ಹುಡುಗ್ರು ಹೋದುವು. ದೊಡ್ಡ ಮಳಿ ಹತ್ತಿತ್ತು, ಗಟಾರದ ನೀರು ಬಾವಿಗಿ ಇಳದಿತ್ತು. ವಿಷಮ ಜ್ವರ. ಬಾವಿಗಿ ಔಷಧ ಹಾಕಿ ಮುಚ್ಚೂದರಾಗ ನಾಕ ಜೀವಾ ಹೋದುವು. ನಿಮ್ಮವ್ವ ಎದಿ ಬಡಕೊಂಡ ಬಡಕೊಂಡ ಅಂತಿದ್ದಳು, ಈ ಒಂದಾದ್ರೂ ಉಳೀಲಿ, ಇದನ್ನ ಅಥಣಿಗಿ ಬಿಟ್ಟ ಬರ್ರಿ ಅಂತ. ನಿನಗ ಯಾರೂ ಹೇಳಲಿಲ್ಲೇನು?"

ಸೋನಾಬಾಯಿ ಇಲ್ಲ ಎಂದು ತಲೆ ಆಡಿಸಿದಳು. ಉಳಿದ ಮೂವರ ಹೆಸರಿನಲ್ಲಿ ಅವಳು ಕವಡೆ ಒಗೆದಿರಲಿಲ್ಲ. ಕಾರು ಬಿಸಿಲಿಗೆ ನಿಂತಿದೆ, ಊಟದ ಹೊತ್ತಾಯಿತು ಎಂದು ಶ್ರೇಣಿಕ ಎದ್ದು ನಿಂತಿದ್ದ. ಅವಳು ಅವನ ಕೈ ಹಿಡಿದು ಕೂಡಿಸಿದಳು.

"ಉಳಿದ ಮೂರ ಹುಡುಗ್ರ ಹೆಸರ ಏನಿದ್ದುವು, ಸಾವಕ್ಕಾ?"

ಸಾವಕ್ಕ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ಇಬ್ಬರ ಹೆಸರು ಬಂದವು: ಬೀರದೇವ ಒಬ್ಬ, ಬಾಳಾಸಾಬ ಒಬ್ಬ. ಮೂರನೆಯದು ಕುಂಬಾರರ ಹುಡುಗಿ, ಹಳದಿ ಲಂಗ ಹಾಕಿಕೊಂಡು ದಿನಾ ಇದೇ ಕಟ್ಟೆಯ ಮೇಲೆ ಚೌಕಾಬಾರದ ಮನೆ ಬರೆಯುತ್ತಿದ್ದಳು ಎಂಬಷ್ಟು ನೆನಪಾಯಿತು, ಹೆಸರು ಮಾತ್ರ ಹೊಳೆಯಲೊಲ್ಲದು. "ತಡೀ, ಬರ್ತತಿ" ಎಂದು ಅವಳು ಒಳಗಿದ್ದ ಸೊಸೆಗೆ ಇನ್ನೊಂದು ಸಲ ಚಹಾ ಇಡಲು ಕೂಗಿ ಹೇಳಿದಳು.